ಕೆಲಸವಿಲ್ಲದ ಒಂದು ಸಾಲು

ಕೆಲವರಿಗೆ ಎಲೆಯಡಿಕೆಯ ಚಟವಿರುತ್ತದೆ, ಕೆಲವರಿಗೆ ಇಸ್ಪೀಟಿನದು. ನನಗಿರುವುದು ಅಚ್ಚುಕಟ್ಟಿನ ಚಟ. ಇದನ್ನು ಚಟವೆಂದು ಯಾರೂ ಒಪ್ಪದ ಕಾರಣ ಬಿಡಿಸುವುದಕ್ಕೂ ಯಾರೂ ಮುಂದೆ ಬರುವುದಿಲ್ಲ. ‘ಎಷ್ಟು ನೀಟು ಮನುಷ್ಯ’ ಎಂದು ಬೆನ್ನು ತಟ್ಟಿ ಇನ್ನಷ್ಟು ಕೆಡಿಸುತ್ತಾರೆ. ಯಾರದಾದರೂ ಮನೆಗೆ ಹೋದಾಗ ಗೋಡೆಯ ಮೇಲೆ ಅವರ ತಾತನ ಫೋಟೋ ಓರೆಯಾಗಿ ನೇತಾಡುತ್ತಿದ್ದರೆ ನನಗೆ ಮಾತೇ ಹೊರಡುವುದಿಲ್ಲ. ಎದ್ದು ಹೋಗಿ ತಾತನನ್ನು ನೆಟ್ಟಗೆ ನಿಲ್ಲಿಸಿ ಬಂದ ಮೇಲೆಯೇ ಅವರು ಕೊಟ್ಟ ಚಹಾ ಗಂಟಲಿನಲ್ಲಿ ಇಳಿಯುವುದು. ಒಮ್ಮೆ ಪುಣೆಯ ಸ್ವಾರಗೇಟದಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನ ಗೃಹಸ್ಥರ ಕಪ್ಪು ಕೋಟಿನ ಹೆಗಲ ಮೇಲೆ ಒಂದು ಬಿಳಿ ದಾರ ಮಲಗಿತ್ತು. ಬೇಡ ಬೇಡ ಎಂದು ಮನಸ್ಸನ್ನು ಬಿಗಿಹಿಡಿದೆ, ಕಿಟಕಿಯಾಚೆ ನೋಡಿದೆ, ಕೊನೆಗೆ ಎರಡು ಬೆರಳಿನಲ್ಲಿ ಮೆಲ್ಲಗೆ ಅದನ್ನು ಎತ್ತಿಯೇ ಬಿಟ್ಟೆ. ಅವರು ಸರ್ರನೆ ತಿರುಗಿದರು. ನಾನು ದಾರವನ್ನು ಎತ್ತಿ ತೋರಿಸಿದೆ. ಅವರು ದಾರವನ್ನು ನೋಡಲಿಲ್ಲ, ಮೊದಲು ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ನಂತರ ಇಳಿಯುವವರೆಗೂ ನನ್ನ ಕಡೆ ಓರೆಯಾಗಿ ಕೂತೇ ಪ್ರಯಾಣ ಮಾಡಿದರು.

ಇಂಥವನಿಗೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಪ್ರೋಗ್ರಾಮು ಬರೆಯುವ ಕೆಲಸ. ಮನೆ ವಾಕಡದಲ್ಲಿ, ಕಚೇರಿ ಅಲ್ಲಿಂದ ಕಾಣುವಷ್ಟು ಹತ್ತಿರ; ಕಾಣುತ್ತದೆ ಅಷ್ಟೇ, ಟ್ರಾಫಿಕ್ಕಿನಲ್ಲಿ ತಲುಪುವ ಮಾತು ಬೇರೆ. ನಮ್ಮ ವೃತ್ತಿಯಲ್ಲಿ ಲಿಂಟರ್ ಎಂಬ ಒಂದು ಪ್ರೋಗ್ರಾಮು ಉಂಟು. ಅದು ತಾನಾಗಿ ಏನೂ ಬರೆಯುವುದಿಲ್ಲ. ನಾವು ಬರೆದದ್ದನ್ನು ಓದಿ ತಪ್ಪು ಹುಡುಕುತ್ತದೆ. ಪ್ರೋಗ್ರಾಮು ನಡೆಯದೇ ಹೋಗುವಂಥ ತಪ್ಪಿದ್ದರೆ ಕೆಳಗೆ ಕೆಂಪು ಗೆರೆ. ನಡೆಯುತ್ತದೆ, ಆದರೆ ಮರ್ಯಾದಸ್ಥರು ಹೀಗೆ ಬರೆಯುವುದಿಲ್ಲ ಎನ್ನುವಂಥದ್ದಿದ್ದರೆ ಹಳದಿ ಗೆರೆ. ಈ ಗೆರೆಗಳು ನೆಟ್ಟಗೂ ಇರುವುದಿಲ್ಲ, ಅಂಕುಡೊಂಕಾಗಿ ಹಾವಿನ ಮರಿಯ ಹಾಗೆ ಇರುತ್ತವೆ. ಇದೊಂದು ಸಾಲದೇ ನನ್ನಂಥವನ ನಿದ್ದೆ ಕೆಡಿಸಲು?

ಲಿಂಟರಿನ ಮಾತಿನ ಧಾಟಿ ಕೇಳಿದಾಗಲೆಲ್ಲ ನನಗೆ ಪುಣೆಗೆ ಬಂದ ಹೊಸತರಲ್ಲಿ ನಾನು ಬಾಡಿಗೆಗಿದ್ದ ಸದಾಶಿವ ಪೇಟೆಯ ಮನೆಯೊಡತಿ ಕಾಕೂ ನೆನಪಾಗುತ್ತಾರೆ. ಕಾಕೂ ಬಾಯಿ ಬಿಟ್ಟು ಬೈದವರಲ್ಲ. ಎಲ್ಲವನ್ನೂ ಬರೆದು ಅಂಟಿಸುತ್ತಿದ್ದರು. ನಲ್ಲಿಯ ಮೇಲೆ ‘ನಿಲ್ಲಿಸಿ ಹೋಗಿ, ನೀರು ನಿಮ್ಮದಲ್ಲ, ನಮ್ಮದೂ ಅಲ್ಲ.’ ಮೆಟ್ಟಿಲ ಬಳಿ ‘ಇದು ಹತ್ತಲು, ಕೂರಲು ಬೇರೆ ಊರಿದೆ.’ ಮಧ್ಯಾಹ್ನದ ನಿದ್ದೆಯ ಹೊತ್ತಿನ ಬಗ್ಗೆ ಬಾಗಿಲಿಗೆ ಅಂಟಿಸಿದ್ದ ಫಲಕದ ಪ್ರಕಾರ ಆ ಹೊತ್ತಿನಲ್ಲಿ ಯಾರೂ ಹುಟ್ಟುವ ಹಾಗಿರಲಿಲ್ಲ, ಸಾಯುವ ಹಾಗೂ ಇರಲಿಲ್ಲ. ಲಿಂಟರೂ ಹಾಗೆಯೇ. ‘ಈ ಸಾಲು ಉದ್ದವಾಯಿತು.’ ‘ಇಲ್ಲಿ ಇನ್ನೊಂದು ಖಾಲಿ ಸಾಲು ಬೇಕಿತ್ತು.’ ‘ಇದನ್ನು ತಂದಿದ್ದೀರಿ, ಬಳಸಿಲ್ಲ.’ ಹೆಚ್ಚು ಮಾತಿಲ್ಲ, ದಯೆಯೂ ಇಲ್ಲ. ಕಾಕೂ ಮನೆಯಲ್ಲಿ ಇತರ ಬಾಡಿಗೆದಾರರು ಆ ಚೀಟಿಗಳನ್ನು ಕಂಡು ಉರಿದು ಬೀಳುತ್ತಿದ್ದರೆ ನನಗೊಬ್ಬನಿಗೇ ತವರಿಗೆ ಬಂದಂತೆ ಅನ್ನಿಸುತ್ತಿತ್ತು.

ಇನ್ನು ನನ್ನ ಹೆಂಡತಿ ಸುನಂದಾಳ ವಿಚಾರ. ಅವಳು ಇಂಡಿ ಕಡೆಯವಳು. ಅವಳ ಕೈಯ ಜೋಳದ ರೊಟ್ಟಿ ಹಾಳೆಯಷ್ಟು ತೆಳ್ಳಗಿರುತ್ತದೆ, ಶೇಂಗಾ ಹೋಳಿಗೆ ಮುರಿದರೆ ಸದ್ದು ಬರುತ್ತದೆ. ವಾಕಡ, ಹಿಂಜವಡಿ, ಆಚೆ ಧನಕವಡಿಯವರೆಗೂ ನಮ್ಮ ಕಡೆಯ ಮಂದಿ ಬೇಕಾದಷ್ಟಿದ್ದಾರೆ. ಕೆಲಸಕ್ಕೆ ಹೋಗುವ ಮನೆಗಳಲ್ಲಿ ರೊಟ್ಟಿ ಬಡಿಯಲು ಯಾರಿಗೂ ಪುರುಸೊತ್ತಿಲ್ಲ. ಮೊದಮೊದಲು ಗೊತ್ತಿದ್ದವರು ಹೇಳಿ ಮಾಡಿಸಿಕೊಂಡರು. ಬೇಡಿಕೆ ಹೆಚ್ಚಾದಾಗ ನಾನು ಹುಮ್ಮಸ್ಸಿನಿಂದ ಪೈಥಾನ್ ಎಂಬ ಪ್ರೋಗ್ರಾಮು ಭಾಷೆಯಲ್ಲಿ ಅವಳಿಗೊಂದು ವೆಬ್‌ಸೈಟು ಕಟ್ಟಿಕೊಟ್ಟೆ. ಗಿರಾಕಿ ಅದರಲ್ಲಿ ಬೇಕಾದದ್ದನ್ನು ಒತ್ತುತ್ತಾನೆ, ‘ನಿಮ್ಮ ಆರ್ಡರ್ ತಲುಪಿದೆ, ಧನ್ಯವಾದ’ ಎಂದು ಪರದೆಯ ಮೇಲೆ ಬರುತ್ತದೆ, ಅದೇ ಗಳಿಗೆಯಲ್ಲಿ ಸುನಂದಾಳ ಫೋನು ಟಣ್ ಎನ್ನುತ್ತದೆ. ಆ ಟಣ್ ಸದ್ದಿಗೆ ಅವಳ ಮುಖ ಅರಳುವ ಪರಿಯನ್ನು ನೋಡಿದರೆ, ನಮ್ಮ ಮದುವೆಯಾದ ಹೊಸತರಲ್ಲಿ ನಾನು ಬಾಗಿಲು ತಟ್ಟಿದಾಗಲೂ ಅಷ್ಟು ಅರಳಿದ್ದು ನೆನಪಿಲ್ಲ.

ಹೀಗೆ ಸುಖವಾಗಿರುವಾಗ ಒಂದು ದಿನ ಸೈಟಿಗೆ ಜಾಗ ಕೊಟ್ಟ ಕಂಪನಿಯಿಂದ ಸಂದೇಶ ಬಂತು: ನಿಮ್ಮ ಪೈಥಾನ್ ಹಳೆಯದಾಯಿತು, ಹೊಸದಕ್ಕೆ ಬದಲಾಯಿಸಿಕೊಳ್ಳಿ. ಒಂದು ಭಾನುವಾರ ಬೆಳಿಗ್ಗೆ ಚಹಾ ಕುಡಿದು ಬದಲಾಯಿಸಿದೆ. ಬದಲಾಯಿಸಿದ್ದೇ ತಡ, ಪರದೆಯ ತುಂಬ ಕೆಂಪು. ಎಲ್ಲವೂ ಇಂಪೋರ್ಟಿನ ತಕರಾರು. ಇಂಪೋರ್ಟ್ ಎಂದರೆ ಹಡಗಿನಲ್ಲಿ ಬರುವ ಸರಕಲ್ಲ. ಒಂದು ಕಡತ ಇನ್ನೊಂದು ಕಡತದಿಂದ ತನಗೆ ಬೇಕಾದ್ದನ್ನು ಕಡ ತರುವುದು, ಎದುರು ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದ ಹಾಗೆ. ಹಳೆಯ ಪೈಥಾನಿನಲ್ಲಿ ಪರಿಚಿತರಾಗಿದ್ದ ಕೆಲವರು ಹೊಸದರಲ್ಲಿ ಮನೆ ಖಾಲಿ ಮಾಡಿ ಹೋಗಿದ್ದರು. ಅವರ ಹೊಸ ವಿಳಾಸ ಹುಡುಕಿ ತಿದ್ದಿದೆ. ಕೊನೆಗೆ ಎರಡು ಕಡತಗಳು ಮಾತ್ರ ಜಗ್ಗದೆ ಉಳಿದವು. ಇದಕ್ಕೆ ಅದರಿಂದ ಏನೋ ಬೇಕು, ಅದು ಇದು ಬಂದ ಹೊರತು ಏಳುವುದಿಲ್ಲ. ನನ್ನ ಚಿಕ್ಕಪ್ಪನ ಮಗನ ಮದುವೆಯ ಮಾತುಕತೆ ಹೀಗೆಯೇ ನಿಂತಿತ್ತು. ಹೆಣ್ಣಿನವರು ಮೊದಲು ಹೇಳಿ ಕಳಿಸಲಿ ಎಂದು ಇವರು, ಗಂಡಿನವರು ಮೊದಲು ಬರಲಿ ಎಂದು ಅವರು. ಮಧ್ಯೆ ಒಬ್ಬ ಸೋದರಮಾವ ಬಂದು ಎರಡೂ ಕಡೆಯವರನ್ನು ತನ್ನ ಮನೆಯಲ್ಲೇ ಕೂರಿಸಿ ಮುಗಿಸಿದ. ನಾನೂ ಮೂರನೆಯದೊಂದು ಕಡತ ಮಾಡಿ ಇಬ್ಬರಿಗೂ ಬೇಕಾದ್ದನ್ನು ಅದರಲ್ಲಿಟ್ಟೆ. ಕೆಂಪೆಲ್ಲ ಮಾಯವಾಯಿತು. ಸೈಟು ಎದ್ದು ಕೂತಿತು.

ಸುನಂದಾ ಒಳಗಿನಿಂದ ಕೇಳಿದಳು, “ಆತೇನ್ರಿ?”

“ಆತು,” ಎಂದೆ.

ಆ ಮಾತಿಗೆ ನಾನು ನಿಂತಿದ್ದರೆ, ಲ್ಯಾಪ್‌ಟಾಪು ಮುಚ್ಚಿ ಕೈ ತೊಳೆದು ಊಟಕ್ಕೆ ಕೂತಿದ್ದರೆ, ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಕೆಂಪು ಹೋದ ಮೇಲೆ ಹಳದಿ ಎದ್ದು ಕಾಣತೊಡಗಿತು. ಸೈಟು ಕಟ್ಟಿದ ಕಾಲದ ನನ್ನ ಅವಸರವೆಲ್ಲ ಅಲ್ಲಿ ಹಳದಿ ಗೆರೆಗಳಾಗಿ ಹರಿದಾಡುತ್ತಿತ್ತು. ಕಚೇರಿಯಲ್ಲಿ ಒಂದೇ ಒಂದು ಹಳದಿ ಗೆರೆಯಿದ್ದರೂ ಕಿರಿಯರ ಕೆಲಸವನ್ನು ವಾಪಸು ಕಳಿಸುವವನು ನಾನು. ‘ಮನೆಯಲ್ಲಿ ನೋಡಿದರೆ ಇದೇನಯ್ಯಾ’ ಎಂದು ನನ್ನನ್ನೇ ನಾನು ಬೈದುಕೊಂಡು ಕೂತೆ. ಕೆರೆದು ಹುಣ್ಣು ಮಾಡಿಕೊಳ್ಳುವುದು ಎಂದರೆ ಇದೇ ಎಂದು ಆಗ ಹೊಳೆಯಲಿಲ್ಲ. ಆಗ ನನಗೆ ದೀಪಾವಳಿಗೆ ಮನೆ ಬಳಿಯುವವನ ಸಂಭ್ರಮ.

ಉದ್ದದ ಸಾಲುಗಳನ್ನು ಮುರಿದೆ, ಖಾಲಿ ಸಾಲು ಬೇಕೆಂದಲ್ಲಿ ಖಾಲಿ ಬಿಟ್ಟೆ. ಯಾವತ್ತೋ ಬೇಕೆಂದು ತಂದು ಮರೆತಿದ್ದ ಇಂಪೋರ್ಟುಗಳನ್ನು ಒಂದೊಂದಾಗಿ ಕಿತ್ತು ಎಸೆದೆ. ಹೀಗೆ ಎಸೆಯುತ್ತ ಬಂದಾಗ ಸೈಟು ಶುರುವಾಗುವ ಕಡತದಲ್ಲಿ ಒಂದು ಸಾಲು ಸಿಕ್ಕಿತು. ‘ಇತರೆ’ ಎಂಬ ಹೆಸರಿನ ಕಡತವನ್ನು ಒಳಗೆ ತರುವ ಸಾಲು. ತಂದು ಅದರಿಂದ ಏನು ಮಾಡಿದ್ದೇನೆ ಎಂದು ನೋಡಿದರೆ ಏನೂ ಇಲ್ಲ. ಮುಂದೆ ಎಲ್ಲಿಯೂ ಅದರ ಹೆಸರೆತ್ತಿಲ್ಲ. ಲಿಂಟರ್ ಕಾಕೂ ಕೂಡ ಅದನ್ನೇ ಹೇಳಿದ್ದರು: ತಂದಿದ್ದೀರಿ, ಬಳಸಿಲ್ಲ. ಹೆಸರಾದರೂ ಎಂಥದು, ‘ಇತರೆ’! ಮದುವೆ ಖರ್ಚಿನಲ್ಲಿ ಕೂಡ ಇತರೆ ಎಂದರೆ ಯಾರೂ ವಿವರ ಕೇಳುವುದಿಲ್ಲ. ಅಳಿಸಿದೆ. ಕೊನೆಯ ಹಳದಿ ಗೆರೆ ಹೋಗಿ ಕೆಳಗಿನ ಮೂಲೆಯಲ್ಲಿ ಹಸಿರು ಗುರುತು ಬಂತು. ಅದನ್ನು ಕಣ್ತುಂಬ ನೋಡಿದೆ. ಸುನಂದಾಳನ್ನೂ ಕರೆದು ತೋರಿಸಿದೆ. ಅವಳು ಕೈಯ ಹಿಟ್ಟು ಸೆರಗಿಗೆ ಒರೆಸಿಕೊಳ್ಳುತ್ತ ನೋಡಿ, “ಮೊದಲೂ ಹಿಂಗ ಇತ್ತಲ್ರಿ?” ಎಂದಳು.

ನೀವು ಕೇಳಬಹುದು: ಅಷ್ಟೆಲ್ಲ ತಿದ್ದಿದವನು ಒಂದು ಆರ್ಡರು ಹಾಕಿ ಪರೀಕ್ಷಿಸಬಾರದಿತ್ತೇ? ಹಾಕುವ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಪರೀಕ್ಷೆಯ ಆರ್ಡರಿಗೆ ಕಟ್ಟುನಿಟ್ಟಿನ ನಿಷೇಧವಿದೆ. ಸೈಟು ಹೊಸತಿದ್ದಾಗ ‘ಟೆಸ್ಟ್ ಕುಮಾರ್’ ಎಂಬ ಹೆಸರಿನಲ್ಲಿ ಸಜ್ಜೆ ರೊಟ್ಟಿ, ಅಗಸಿ ಹಿಂಡಿ (ನಮ್ಮ ಕಡೆಯ ಚಟ್ನಿಪುಡಿ) ಎಂದೆಲ್ಲ ಮನಸ್ಸಿಗೆ ಬಂದಂತೆ ಒತ್ತಿ, ಕೆಲಸ ಮಾಡುತ್ತದೆ ಎಂದು ಖುಷಿಪಟ್ಟು ಕಚೇರಿಗೆ ಹೋಗಿದ್ದೆ. ಸಂಜೆ ಬಂದರೆ ಡಬ್ಬಿಗಳು ಸಾಲಾಗಿ ಕಟ್ಟಿ ಇಟ್ಟಿವೆ, ಇವಳು ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ. “ಟೆಸ್ಟ್ ಕುಮಾರ ಅವರು ಇನ್ನೂ ಬಂದಿಲ್ರಿ. ಹೆಸರು ನೋಡಿದ್ರ ನಮ್ಮವರು ಅಲ್ಲ ಅನಸ್ತದ, ಕೇರಳದ ಕಡೆಯವರೇನೋ. ಪಾಪ, ಸಜ್ಜಿ ರೊಟ್ಟಿ ಮ್ಯಾಲೆ ಎಷ್ಟು ಆಸೆ ನೋಡ್ರಿ!” ಎಂದಳು. ಟೆಸ್ಟ್ ಕುಮಾರ ನಾನೇ ಎಂದು ಒಪ್ಪಿಕೊಂಡ ಮೇಲೆ ನಡೆದದ್ದನ್ನು ಇಲ್ಲಿ ಹೇಳಬೇಕಾಗಿಲ್ಲ. ಆ ಸಜ್ಜೆ ರೊಟ್ಟಿಯನ್ನು ಬಹಳ ದಿನ ನಾನೊಬ್ಬನೇ ತಿಂದೆ. ಅಂದಿನಿಂದ ಪುಟ ತೆರೆದುಕೊಂಡರೆ ಸಾಕು, ಪರೀಕ್ಷೆ ಮುಗಿಯಿತು ಎಂದು ನಮ್ಮಲ್ಲಿ ಒಪ್ಪಂದ. ಈ ಸಲವೂ ಪುಟ ತೆರೆದುಕೊಂಡಿತು. ನಾನು ಊಟ ಮಾಡಿ ಮಲಗಿದೆ.

ಮರುದಿನ ಸುನಂದಾಳ ಫೋನು ಟಣ್ ಎನ್ನಲಿಲ್ಲ. ಅದರ ಮರುದಿನವೂ ಇಲ್ಲ. “ಯಾಕೋ ಸುಮ್ಮನ ಅದಲ್ರಿ?” ಎಂದಳು. “ಸೀತನಿ ಕಾಲ ಅಲ್ಲೇನು,” ಎಂದೆ ನಾನು. ಚಳಿಗಾಲ ಬಂತೆಂದರೆ ಪುಣೆಯ ಮಂದಿಯೆಲ್ಲ ಕಾರು ಕಟ್ಟಿಕೊಂಡು ಹೊಲಗಳಿಗೆ ಹುರಡಾ, ಎಂದರೆ ನಮ್ಮ ಸೀತನಿ, ಕೆಂಡದಲ್ಲಿ ಸುಟ್ಟ ಎಳೆ ಜೋಳದ ತೆನೆ ತಿನ್ನಲು ಹೋಗುತ್ತಾರೆ. ಎಳೆ ಜೋಳ ತಿಂದವರಿಗೆ ಒಣ ಜೋಳದ ರೊಟ್ಟಿ ಯಾಕೆ ಬೇಕಾದೀತು ಎಂದು ದೊಡ್ಡ ಆರ್ಥಿಕ ತಜ್ಞನ ಹಾಗೆ ವಿವರಿಸಿದೆ. ಅವಳು ಒಪ್ಪಿದ ಹಾಗೆ ತಲೆಯಾಡಿಸಿದಳು. ಆದರೆ ಮುಖ ಸಪ್ಪಗಾಯಿತು. ದಿನ ಕಳೆದಂತೆ ತನ್ನ ರೊಟ್ಟಿಯ ಮೇಲೆಯೇ ಅವಳಿಗೆ ಅನುಮಾನ ಶುರುವಾಯಿತು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿಯುತ್ತಿದ್ದಳು. “ಗಿರಣ್ಯಾಂವ ಹಿಟ್ಟು ಉರುಟು ಬೀಸ್ಯಾನೇನ್ರಿ?” ಎಂದು ಗಿರಣಿ ಬದಲಾಯಿಸಿದಳು. ನೀರು ಬದಲಾಯಿಸಿದಳು. ಹಂಚನ್ನು ತಿಕ್ಕಿ ತಿಕ್ಕಿ ಕನ್ನಡಿ ಮಾಡಿದಳು. ಎದುರು ಮನೆಯ ಶಿಂದೆ ವಹಿನಿಯನ್ನು ಕರೆದು ತಿನ್ನಿಸಿ ಮರಾಠಿಯಲ್ಲಿ ಅಭಿಪ್ರಾಯ ಕೇಳಿದಳು. ವಹಿನಿ ಎಷ್ಟು ಚೆನ್ನಾಗಿದೆ ಎಂದರೂ ಇವಳಿಗೆ ಅದು ಸಮಾಧಾನದ ಮಾತಿನಂತೆ ಕೇಳಿತು.

ಇಷ್ಟಾದರೂ ಯಾರೊಬ್ಬ ಗಿರಾಕಿಯೂ ಫೋನು ಮಾಡಿ ‘ರೊಟ್ಟಿ ಎಲ್ಲಿ?’ ಎಂದು ಕೇಳಲಿಲ್ಲವೇ ಎಂದರೆ, ಕೇಳಲಿಲ್ಲ. ನಮ್ಮ ಕಡೆಯವರಿಗೆ ತಿನ್ನುವ ವಸ್ತುವನ್ನು ಬಾಯಿಬಿಟ್ಟು ಕೇಳುವುದೆಂದರೆ ಸಂಕೋಚ. ಬೀಗರ ಮನೆಯಲ್ಲಿ ಉಪ್ಪು ಕಡಿಮೆಯಿದ್ದರೂ ಕೇಳದೆ ಉಣ್ಣುವ ಮಂದಿ. ‘ಅಕ್ಕಾರಿಗೆ ಮೈಯಾಗ ಆರಾಮ ಇಲ್ಲೇನೋ, ಹೆಂಗ ಕೇಳೋದು’ ಎಂದು ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಸುಮ್ಮನೆ ಕೂತಿದ್ದರಂತೆ. ಒಬ್ಬಾಕೆ ಗುಡಿಯಲ್ಲಿ ಸುನಂದಾಳ ಕೈ ಹಿಡಿದು ಬಹಳ ಮರುಕದಿಂದ “ಆರಾಮ ಅದೀರೀ?” ಎಂದು ಕೇಳಿದ್ದರು. ಇವಳು “ಆರಾಮ್ರಿ” ಎಂದಿದ್ದಳು. ಅವರು ನಿಟ್ಟುಸಿರು ಬಿಟ್ಟು ಹೋಗಿದ್ದರು.

ಒಂದು ಶನಿವಾರ ಬೆಳಿಗ್ಗೆ ಸುನಂದಾ ಕೊಣಮಿಗೆಯನ್ನು, ಎಂದರೆ ರೊಟ್ಟಿ ಬಡಿಯುವ ಮರದ ತಟ್ಟೆಯನ್ನು, ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದಳು. “ಬಂದ್ ಮಾಡೋಣ್ರಿ. ಕೈ ರುಚಿ ಹೋಗ್ಯದ ನಂದು. ಮಂದಿ ಮಕಕ್ಕ ಹೊಡದಂಗ ಹೇಳೂದಕ್ಕಿಂತ ಮೊದಲ ನಾವ ನಿಲ್ಲಿಸೋದು ಚಲೋ,” ಎಂದಳು. ನಗುತ್ತಲೇ ಹೇಳಿದಳು, ಆದರೆ ಬೆನ್ನು ಈ ಕಡೆ ಇತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಫೋನು ಬಂತು. ಟಣ್ ಅಲ್ಲ, ಕರೆ. ಸುನಂದಾ ಸ್ಪೀಕರಿಗೆ ಹಾಕಿದಳು.

ಧನಕವಡಿಯ ಮಹಾದೇವಿ ಎಂಬಾಕೆ. ಯಾದಗಿರಿ ಕಡೆಯವರು, ಮನೆ ಮಂದಿಯೆಲ್ಲ ಕಟ್ಟಡದ ಕೆಲಸದಲ್ಲಿದ್ದಾರೆ. ಮಗಳನ್ನು ಲೋಣಾವಳಾದಲ್ಲಿ ಸಣ್ಣ ಹೋಟೆಲು ನಡೆಸುವ ಮನೆಗೆ ಕೊಟ್ಟಿದ್ದಾರೆ. ಮಗಳಿಗೀಗ ದಿನ ತುಂಬುತ್ತ ಬಂದಿದೆ, ನಾಳೆ ಅಲ್ಲಿ ಕುಬಸ, ಎಂದರೆ ಸೀಮಂತ. ತವರಿನಿಂದ ಬುತ್ತಿ ಹೋಗಬೇಕು.

“ಏನಿಲ್ರೀ ಅಕ್ಕಾರ, ಸುಮ್ಮ ನೆನಪ ಮಾಡ್ಲಾಕ ಫೋನ್ ಹಚ್ಚಿದೆ. ಬುತ್ತಿ ನಾಳಿ ಮುಂಜಾನಿ ಸಿಗ್ತದಲ್ರೀ? ಬೀಗರ ಮುಂದ ನಮ್ಮ ಮಗಳ ಮಕ ಸಣ್ಣದಾಗಬಾರದು ನೋಡ್ರಿ,” ಎಂದರು.

“ಯಾವ ಬುತ್ತಿರೀ?” ಎಂದಳು ಸುನಂದಾ.

ಮಹಾದೇವಿ ಅಳುವ ದನಿಯಲ್ಲಿ, “ಮೊಬೈಲದಾಗ ಒತ್ತೀನ್ರೀ. ತಲುಪ್ಯದ, ಧನ್ಯವಾದ ಅಂತ ಬಂದದಲ್ರೀ!” ಎಂದರು.

ನಾನು ತಡಮಾಡದೆ ಲ್ಯಾಪ್‌ಟಾಪು ತೆರೆದು ಸೈಟಿನ ಹೊಟ್ಟೆಯೊಳಗೆ ಇಣುಕಿದೆ. ಅಲ್ಲಿ ಆರ್ಡರುಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ರೊಟ್ಟಿ, ಹೋಳಿಗೆ, ಕರ್ಚಿಕಾಯಿ, ಶೇಂಗಾ ಹಿಂಡಿ. ಎಲ್ಲರಿಗೂ ಧನ್ಯವಾದ ಹೇಳಿ ಕಳಿಸಿ ಸೈಟು ತಾನು ತೆಪ್ಪಗೆ ಕೂತಿತ್ತು. ಮಹಾದೇವಿಯವರ ಕುಬಸದ ಬುತ್ತಿಯೂ ಅಲ್ಲಿತ್ತು. ಆಗ ನೆನಪಾಯಿತು. ಸೈಟು ಕಟ್ಟುವಾಗ, ಆರ್ಡರು ಬಂದ ಕೂಡಲೇ ಸುನಂದಾಳ ಫೋನಿಗೆ ಸುದ್ದಿ ಮುಟ್ಟಿಸುವ ಏರ್ಪಾಡನ್ನು ಬೇರೆಯೇ ಒಂದು ಕಡತದಲ್ಲಿ ಬರೆದು, ಹೆಸರು ತೋಚದೆ ‘ಇತರೆ’ ಎಂದು ಕರೆದಿದ್ದೆ. ಅದನ್ನು ಯಾರೂ ಹೆಸರು ಹಿಡಿದು ಕರೆಯಬೇಕಾಗಿರಲಿಲ್ಲ. ಒಳಗೆ ತಂದರೆ ಸಾಕು, ಅದು ತಾನಾಗಿ ಬಾಗಿಲಲ್ಲಿ ಕಿವಿಗೊಟ್ಟು ಕೂರುತ್ತಿತ್ತು. ನಾನು ಆ ತರುವ ಸಾಲನ್ನೇ ಅಳಿಸಿದ್ದೆ. ಲಿಂಟರ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಬಳಸಿರಲಿಲ್ಲ ನಿಜ.

ಹೇಗೆ ಹೇಳಲಿ ಎಂದು ತಡವರಿಸುತ್ತ, “ಸುನಂದಾ, ತಪ್ಪು ನಂದು. ಆರ್ಡರು ಬರ್ತಾನ ಇದ್ವು. ನಿನಗ ತಿಳಿಸೋ ಸಾಲು ನಾನ ತಗದುಬಿಟ್ಟೀನಿ,” ಎಂದೆ. ಇನ್ನು ಸಿಡಿಲು ಬೀಳುತ್ತದೆ ಎಂದು ಕಣ್ಣು ಕಿರಿದು ಮಾಡಿಕೊಂಡು ನಿಂತೆ.

ಅವಳು ಪರದೆಯ ಮೇಲಿನ ಹೆಸರುಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿದಳು. ಓದುತ್ತ ಓದುತ್ತ ಅವಳ ಮುಖ ನೋಡಬೇಕಿತ್ತು. “ಅಂದ್ರ ನನ್ನ ರೊಟ್ಟಿ ಕೆಟ್ಟಿಲ್ಲ!” ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. “ಎಲ್ಲಾರೂ ಕೇಳ್ಯಾರ್ರೀ! ಇವರು ನೋಡ್ರಿ, ಎರಡೆರಡು ಸಲ ಕೇಳ್ಯಾರ!” ಎಂಥಾ ಹೆಂಗಸು, ಒಂದು ಮಾತೂ ಬೈಯಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಅವಸರಪಟ್ಟೆ. ಕಣ್ಣೊರೆಸಿಕೊಂಡವಳೇ ನನ್ನ ಕಡೆ ತಿರುಗಿ, “ಸೀತನಿ ಕಾಲಾ?” ಎಂದಳು. ಮುಂದೆ ಬಂದದ್ದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಹೇಳಿ ಮುಗಿಸಿದಳು. ನಂತರ ತಿರುಗಿ ಫೋನು ಹಚ್ಚಿ, “ಮಹಾದೇವಕ್ಕಾ, ನೀವು ಕಾಳಜಿ ಬಿಡ್ರಿ. ಬುತ್ತಿ ಬರ್ತದ,” ಎಂದಳು. ಕೊಣಮಿಗೆ ಅಟ್ಟದಿಂದ ಕೆಳಗಿಳಿಯಿತು.

ಆ ಶನಿವಾರ ನಮ್ಮ ಮನೆ ಕುಬಸದ ಮನೆಯಾಯಿತು. ಶಿಂದೆ ವಹಿನಿ ಸುದ್ದಿ ಕೇಳಿ ಸೀರೆ ಎತ್ತಿ ಕಟ್ಟಿಕೊಂಡು ಬಂದರು. “ಕಾಳಜಿ ಕರೂ ನಕಾ, ಮೀ ಆಹೆ ನಾ,” ನಾನಿದ್ದೇನಲ್ಲ ಎಂದು ಹೂರಣದ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡರು. ಒಂದು ಒಲೆಯ ಮೇಲೆ ಹಂಚು, ಇನ್ನೊಂದರ ಮೇಲೆ ಕಡುಬು. ಮಾದಲಿ ಎಂಬ ಸಿಹಿಗೆ ಗೋಧಿ ಹುರಿಯುವ ವಾಸನೆ ಲಿಫ್ಟಿನವರೆಗೂ ಹೋಗಿ, ಮೇಲಿನ ಮಹಡಿಯವರು ಯಾವ ಹಬ್ಬ ಎಂದು ಕೇಳಿ ಹೋದರು. ತಪ್ಪು ಮಾಡಿದವನು ನಾನು, ಸುಮ್ಮನಿರುವುದು ಹೇಗೆ? ನಾನೂ ಕೈ ಹಚ್ಚಿದೆ. ಕಟ್ಟೆಯ ಮೇಲೆ, ಕೊಣಮಿಗೆಯ ಮೇಲೆ, ಎಲ್ಲೆಲ್ಲೂ ಜೋಳದ ಹಿಟ್ಟು ಚೆಲ್ಲಾಡಿತ್ತು. ಒದ್ದೆ ಬಟ್ಟೆ ತಂದು ಒರೆಸಿ ಫಳಫಳ ಮಾಡಿದೆ. ಸುನಂದಾ ಹಿಟ್ಟಿನ ಉಂಡೆ ಹಿಡಿದು ಬಂದು ಕೊಣಮಿಗೆಯ ಮೇಲಿಟ್ಟು ಎರಡು ಸಲ ಬಡಿದಳು. ರೊಟ್ಟಿ ಕೆಳಗೆ ಅಂಟಿಕೊಂಡು ಮೇಲೇಳಲೇ ಇಲ್ಲ. ಕೆಳಗೆ ಒಣ ಹಿಟ್ಟು ಬೇಕೆಂದು ಅವಳು ಹರಡಿ ಇಟ್ಟಿದ್ದಳಂತೆ. ಅದನ್ನೇ ನಾನು ಒರೆಸಿದ್ದೆ.

“ರೀ,” ಎಂದಳು. ದನಿ ಬಹಳ ಮೆತ್ತಗಿತ್ತು, ಅದೇ ಹೆದರಿಕೆ. “ಆ ಸ್ಟೂಲ್ ತಗೋರಿ. ಆ ಮೂಲ್ಯಾಗ ಹಾಕ್ಕೋರಿ. ಕೂಡ್ರಿ. ಏನೂ ಮುಟ್ಟಬ್ಯಾಡ್ರಿ.”

ಕೂತೆ. ಕೂತಲ್ಲೇ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಅಳಿಸಿದ ಸಾಲನ್ನು ಮರಳಿ ಬರೆದೆ. ಕೂಡಲೇ ಅದರ ಕೆಳಗೆ ಹಳದಿ ಗೆರೆ ಬಂತು. ಲಿಂಟರನ್ನು ಒಂದು ಸಾಲಿನ ಮಟ್ಟಿಗೆ ಸುಮ್ಮನಿರಿಸುವ ಒಂದು ಗುರುತುಂಟು. ಸಾಲಿನ ಕೊನೆಯಲ್ಲಿ ಅದನ್ನು ಹಾಕಿ, ಪಕ್ಕದಲ್ಲಿ ‘ಇದನ್ನು ಮುಟ್ಟಿದವರು ಸುನಂದಾಳಿಗೆ ಉತ್ತರ ಹೇಳಬೇಕು’ ಎಂದು ಬರೆದೆ. ಕೆಲಸ ಮುಗಿಯಿತು. ಇಬ್ಬರು ಹೆಂಗಸರು ದುಡಿಯುವ ಅಡುಗೆಮನೆಯಲ್ಲಿ ಕಾಲು ಚಾಚಿ ಕೂರುವುದು ಸರಿಯಲ್ಲವೆಂದು ಮೆಲ್ಲಗೆ ಎದ್ದೆ.

“ಎಲ್ಲಿ ಹೊಂಟ್ರಿ?” ಎಂದಳು ಸುನಂದಾ, ಹಂಚಿನಿಂದ ಕಣ್ಣೆತ್ತದೆ.

“ಹೊರಗ ಕೂಡ್ತೀನಿ. ಇಲ್ಲಿ ನಂದೇನು ಕೆಲಸ?”

“ಕೆಲಸ ಏನಿಲ್ಲ. ಇಲ್ಲೇ ಕೂಡ್ರಿ.”

ಮತ್ತೆ ಕೂತೆ. ಬಡಿಯುವ ಸದ್ದು ಮಾತ್ರ ಒಂದೇ ಲಯದಲ್ಲಿ ಕೇಳುತ್ತಿತ್ತು.

ಭಾನುವಾರ ಬೆಳಿಗ್ಗೆ ಬುತ್ತಿಯ ಗಂಟುಗಳನ್ನು ಸ್ಕೂಟರಿನ ಹಿಂದೆ ಮುಂದೆ ಕಟ್ಟಿಕೊಂಡು ಚಿಂಚವಡ ಸ್ಟೇಷನ್ನಿಗೆ ಹೋದೆ. ಮಹಾದೇವಿ ಪುಣೆಯಿಂದಲೇ ಲೋಣಾವಳಾ ಲೋಕಲ್ಲು ಹತ್ತಿ ಬರುತ್ತಾರೆ, ರೈಲು ನಿಲ್ಲುವ ಹೊತ್ತಿನಲ್ಲಿ ಬಾಗಿಲಿನಿಂದ ಗಂಟು ದಾಟಿಸಬೇಕು ಎಂದು ಮಾತಾಗಿತ್ತು. ರೈಲು ಬಂತು. ಬಾಗಿಲಲ್ಲಿ ಹಸಿರು ಇಳಕಲ್ ಸೀರೆಯುಟ್ಟು, ಕೈಯಲ್ಲಿ ಹೂವಿನ ಪೊಟ್ಟಣ ಹಿಡಿದು, ಕತ್ತು ಚಾಚಿ ಹುಡುಕುತ್ತಿದ್ದ ಹೆಂಗಸನ್ನು ನೋಡಿದೊಡನೆ ಗೊತ್ತಾಯಿತು. ಗಂಟುಗಳನ್ನು ಒಂದೊಂದಾಗಿ ಕೊಟ್ಟೆ. ಕೊನೆಯದು ಕೊಡುವಾಗ ರೈಲು ಹೊರಟಿತ್ತು. ಅದರ ಜೊತೆ ನಾಲ್ಕು ಹೆಜ್ಜೆ ಓಡಿದೆ. ಅವರು ಗಂಟನ್ನು ಎದೆಗವಚಿಕೊಂಡು ಮೂಸಿ ನೋಡಿ, “ಇದು ನಮ್ಮವ್ವನ ಮನಿ ವಾಸನಿರೀ ಅಣ್ಣಾರ!” ಎಂದು ಕೂಗಿದರು. ಬೋಗಿಯಲ್ಲಿದ್ದವರೆಲ್ಲ ನಕ್ಕರು. ನಾನು ಪ್ಲಾಟ್‌ಫಾರ್ಮಿನಲ್ಲಿ ಕೈ ಬೀಸುತ್ತ ನಿಂತೆ, ನನ್ನ ಸ್ವಂತ ತಂಗಿಯ ಕುಬಸಕ್ಕೆ ಬುತ್ತಿ ಕಳಿಸಿದವನ ಹಾಗೆ.

ಅಂದು ಸಂಜೆ ಸುನಂದಾ ಮತ್ತು ಶಿಂದೆ ವಹಿನಿ ಚಹಾ ಹಿಡಿದು ಕೂತಿದ್ದರು. ಫೋನು ಟಣ್ ಟಣ್ ಎನ್ನುತ್ತಿತ್ತು. ಲೋಣಾವಳಾದಿಂದ ಫೋಟೋ ಬಂದಿತ್ತು: ಹಸಿರು ಬಳೆ ತೊಟ್ಟ ಬಸುರಿ ಹುಡುಗಿ, ಅವಳ ಮುಂದೆ ಹರಡಿದ ಬುತ್ತಿ, ಪಕ್ಕದಲ್ಲಿ ಎದೆಯುಬ್ಬಿಸಿ ನಿಂತ ಮಹಾದೇವಿ. ಸುನಂದಾ ಅದನ್ನು ದೊಡ್ಡದು ಮಾಡಿ ಹುಡುಗಿಯನ್ನು ಬಿಟ್ಟು ರೊಟ್ಟಿಯನ್ನೇ ನೋಡುತ್ತಿದ್ದಳು. ನಂತರ ನನ್ನನ್ನು ಕೇಳಿದಳು, “ಏನದು ನೀವು ತಗದ ಸಾಲು? ನನಗ ತಿಳಿಯೋ ಹಂಗ ಹೇಳ್ರಿ.”

“ಒಂದು ಸಾಲು ಇತ್ತು,” ಎಂದೆ. “ನೋಡಿದ್ರ ಅದು ಏನೂ ಕೆಲಸ ಮಾಡಂಗಿಲ್ಲ. ಅದನ್ನ ಯಾರೂ ಕರಿಯಂಗಿಲ್ಲ. ಸುಮ್ಮನ ಒಂದು ಕಡೆ ಇರ್ತದ. ಆದ್ರ ಅದು ಇಲ್ಲ ಅಂದ್ರ ಯಾವ ಕೆಲಸಾನೂ ನಡಿಯಂಗಿಲ್ಲ.”

ಸುನಂದಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಂಥಾದು ಒಂದು ನಮ್ಮ ಮನಿಯೊಳಗೂ ಅದ ಬಿಡ್ರಿ,” ಎಂದು ನಕ್ಕಳು. ಕನ್ನಡ ಬಾರದ ಶಿಂದೆ ವಹಿನಿ ಕೂಡ ನನ್ನ ಮುಖ ನೋಡಿ ನಕ್ಕರು.

ಮದುವೆಯಾಗಿ ಇಷ್ಟು ವರ್ಷಕ್ಕೆ ಇಂಥ ಮಾತು ಕೇಳಿ ನಾನು ಉಬ್ಬಿಹೋದೆ. ಚಹಾ ಅರ್ಧ ಕುಡಿಯುವವರೆಗೂ ಉಬ್ಬಿಯೇ ಇದ್ದೆ. ಆಮೇಲೆ ಒಂದು ಅನುಮಾನ ಹೊಕ್ಕಿತು. ನಾನು ಹೇಳಿದ್ದರಲ್ಲಿ ಎರಡು ಭಾಗಗಳಿದ್ದವು. “ಏನೂ ಕೆಲಸ ಮಾಡಂಗಿಲ್ಲ ಅನ್ನೋದಕ್ಕ ಅಂದಿಯೋ, ಇಲ್ಲ ಅಂದ್ರ ನಡಿಯಂಗಿಲ್ಲ ಅನ್ನೋದಕ್ಕ ಅಂದಿಯೋ?” ಎಂದು ಕೇಳಿಯೇಬಿಟ್ಟೆ.

ಅವಳು ಚಹಾದ ಬಟ್ಟಲು ಕೆಳಗಿಟ್ಟು ಪ್ರಾಮಾಣಿಕವಾಗಿ ಯೋಚಿಸಿದಳು. “ಮೊದಲನೇದಂತೂ ಖರೇನ ಅದ, ಅದನ್ನ ನಾ ಕಣ್ಣಾರೆ ನೋಡೀನಿ. ಎರಡನೇದು ತಿಳೀಬೇಕಂದ್ರ ನಿಮ್ಮನ್ನ ಸ್ವಲ್ಪ ದಿನಾ ತಗದು ನೋಡಬೇಕಾಗ್ತದ,” ಎಂದಳು.

ಈಗ ಕಚೇರಿಯಿಂದ ನನ್ನನ್ನು ತರಬೇತಿಗೆಂದು ಹೈದರಾಬಾದಿಗೆ ಕಳಿಸುತ್ತಾರಂತೆ. ಒಳ್ಳೆಯ ಹೋಟೆಲು, ಓಡಾಡಲು ಕಾರು. ಜೊತೆಯವರೆಲ್ಲ ನಾ ಮುಂದು ತಾ ಮುಂದು ಎನ್ನುತ್ತಿದ್ದಾರೆ. ಸುನಂದಾ ಕೂಡ “ಹೋಗಿ ಬರ್ರಲ್ಲಾ,” ಎಂದು ನಿರಾಳವಾಗಿ ಹೇಳಿದಳು. ಆ ನಿರಾಳವೇ ನನಗೆ ಸರಿಬರಲಿಲ್ಲ. ಹೋಗಿ ಬಂದ ಮೇಲೆ ರೊಟ್ಟಿಯೂ ಎಂದಿನಂತೆ, ಆರ್ಡರೂ ಎಂದಿನಂತೆ, ಮನೆಯಲ್ಲಿ ಎಲ್ಲಿಯೂ ಒಂದು ಹಳದಿ ಗೆರೆಯಿಲ್ಲದೆ ಎಲ್ಲವೂ ಸುಸೂತ್ರವಾಗಿ ನಡೆದಿದ್ದರೆ ಏನು ಗತಿ? ಮೊಣಕಾಲು ನೋವು, ಪ್ರಯಾಣ ಆಗುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿಬಿಟ್ಟಿದ್ದೇನೆ. ಅವರು ಪಾಪ ನಂಬಿದರು. ಸುನಂದಾ ನಂಬಿದ ಹಾಗೆ ಕಾಣಲಿಲ್ಲ. ಆದರೆ ಕೇಳದೆಯೇ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ತಂದಿಟ್ಟಳು. ನೋವಿಲ್ಲದ ಕಾಲಿಗೆ ಅದನ್ನು ದಿನವೂ ತಪ್ಪದೆ ಹಚ್ಚಿಕೊಳ್ಳುತ್ತಿದ್ದೇನೆ.